ಕತ್ತರಿ ಹಾಕುವ ಮೊದಲು ನೀರಿಗೆ ಹಾಕಿ: ಪ್ರೋಟೀನು ನೂಲಿನ ಬಟ್ಟೆ ಕುಗ್ಗುವ ಸಮಸ್ಯೆ

ಪ್ರಶ್ನೆ: ಬೆಂಗಳೂರಿನಲ್ಲಿ ಉಡುಪು ವಿನ್ಯಾಸದ ಸಣ್ಣ ಘಟಕ ನಡೆಸುತ್ತಿದ್ದೇನೆ. ಹಾಸಿನಲ್ಲಿ (ಉದ್ದದ ಎಳೆ) ಹತ್ತಿ, ಹೊಕ್ಕಿನಲ್ಲಿ (ಅಡ್ಡ ಎಳೆ) ಸೂಕ್ಷ್ಮಜೀವಿಗಳಿಂದ ತಯಾರಿಸಿದ ಪ್ರೋಟೀನು ನೂಲು ಹಾಕಿ ನೇಯ್ದ ಬಟ್ಟೆಯನ್ನು ಕೆಲವು ಮೀಟರ್ ತರಿಸಿದ್ದೇನೆ. ಒಂದು ಮೀಟರ್ ಉದ್ದಗಲದ ತುಂಡನ್ನು ಉಗುರುಬೆಚ್ಚಗಿನ ನೀರಲ್ಲಿ ಒಗೆದು ಒಣಗಿಸಿದಾಗ ಅಗಲ 87 ಸೆಂ.ಮೀ.ಗೆ ಇಳಿಯಿತು, ಉದ್ದ 97 ಸೆಂ.ಮೀ. ಆಯಿತು. ಇಸ್ತ್ರಿ ಮಾಡುವಾಗ ಎಳೆದೆಳೆದು ಅಗಲವನ್ನು 94ಕ್ಕೆ ತಂದೆ. ಮರು ಒಗೆತದಲ್ಲಿ ಅದು ಮತ್ತೆ ಕುಗ್ಗಿತು. ಹೊಲಿಗೆಗೆ ಮೊದಲೇ ಇದನ್ನು ತಡೆಯುವುದು ಹೇಗೆ? ಏನಾದರೂ ರಾಸಾಯನಿಕ ಸಂಸ್ಕರಣೆ ಇದೆಯೇ? ಕುಗ್ಗಿದ ತುಂಡನ್ನು ಮೊದಲಿನ ಅಳತೆಗೆ ತರಬಹುದೇ?

ಉತ್ತರ: ತಡೆಯಲು ಹೋಗಬೇಡಿ. ಈ ಬಟ್ಟೆ ಎಷ್ಟು ಕುಗ್ಗಬೇಕೆಂದಿದೆಯೋ ಅಷ್ಟನ್ನೂ ನಿಮ್ಮ ಕಣ್ಣೆದುರೇ, ಕತ್ತರಿ ಹಾಕುವ ಮೊದಲೇ, ಯಾವ ಎಳೆತವೂ ಇಲ್ಲದೆ ಕುಗ್ಗಿಸಿಬಿಡಿ. ಆಮೇಲೆ ಉಳಿದ ಅಳತೆಯನ್ನೇ ಬಟ್ಟೆಯ ನಿಜವಾದ ಅಳತೆ ಎಂದು ಒಪ್ಪಿಕೊಂಡು ಮುಂದುವರಿಯಿರಿ. ಉಣ್ಣೆಗೂ ಹತ್ತಿಗೂ ಹೇಳುವ ಮಾತೇ ಇದು. ಆದರೆ ಪ್ರೋಟೀನು ನೂಲಿನ ವಿಷಯದಲ್ಲಿ ಅದನ್ನು ಪಾಲಿಸದಿದ್ದರೆ ಬೀಳುವ ಪೆಟ್ಟು ಹೆಚ್ಚು. ಕಾರಣ ನೂಲಿನ ಹುಟ್ಟಿನಲ್ಲೇ ಇದೆ.

ಈ ನೂಲುಗಳ ಮೂಲ ಮಾದರಿ ಜೇಡರ ಬಲೆಯ ಎಳೆ. ಜೇಡ ತಾನು ನೇತಾಡಲು ಬಳಸುವ ಗಟ್ಟಿ ಎಳೆಯನ್ನು ಬಿಡಿಯಾಗಿ ನೀರಲ್ಲಿ ಅದ್ದಿದರೆ ಅದು ತನ್ನ ಉದ್ದದ ಅರ್ಧದವರೆಗೂ ಕುಗ್ಗಬಲ್ಲದು. ನೀರೇ ಬೇಕೆಂದಿಲ್ಲ, ಗಾಳಿಯ ತೇವಾಂಶ ಶೇ 70ರ ಆಸುಪಾಸು ದಾಟಿದರೂ ಸಾಕು. ವಿಜ್ಞಾನಿಗಳು ಇದನ್ನು ಸೂಪರ್‌ಕಾಂಟ್ರಾಕ್ಷನ್ ಎನ್ನುತ್ತಾರೆ. ಎಳೆಯೊಳಗೆ ಎರಡು ಬಗೆಯ ಜಾಗಗಳಿವೆ. ಅಲನಿನ್ ಎಂಬ ಅಮೈನೋ ಆಮ್ಲ ಸಾಲುಗಟ್ಟಿ ಕೂತ ಗಟ್ಟಿ ಹರಳಿನ ಭಾಗ ಒಂದು. ಗ್ಲೈಸಿನ್ ಹೆಚ್ಚಿರುವ ಸಡಿಲ ಭಾಗ ಇನ್ನೊಂದು. ನೂಲುವಾಗ ಎಳೆದುದರಿಂದ ಸಡಿಲ ಭಾಗದ ಸರಪಳಿಗಳು ಉದ್ದಕ್ಕೆ ನೆಟ್ಟಗಾಗಿ, ಒಂದಕ್ಕೊಂದು ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡು, ಆ ಎಳೆತದ ಸ್ಥಿತಿಯಲ್ಲೇ ಒಣಗಿಬಿಟ್ಟಿರುತ್ತವೆ. ನೀರು ಒಳಹೊಕ್ಕು ಆ ಬಂಧಗಳನ್ನು ಬಿಡಿಸಿದ ಕ್ಷಣ ಸರಪಳಿಗಳು ತಮಗೆ ಸಹಜವಾದ ಸುರುಳಿ-ಗೋಜಲಿನ ಸ್ಥಿತಿಗೆ ಮರಳುತ್ತವೆ. ಎಳೆದು ಬಿಟ್ಟ ರಬ್ಬರ್ ಹಿಂದಕ್ಕೆ ಸೆಳೆಯುವುದೂ ಇದೇ ಭೌತಶಾಸ್ತ್ರದಿಂದ. ಆದ್ದರಿಂದ ನೀರು ಈ ನೂಲನ್ನು ಕುಗ್ಗಿಸುತ್ತದೆ ಎನ್ನುವುದಕ್ಕಿಂತ, ನೂಲುವಾಗ ಅದರಲ್ಲಿ ತುಂಬಿಟ್ಟ ಎಳೆತವನ್ನು ಬಿಡುಗಡೆ ಮಾಡುತ್ತದೆ ಎನ್ನುವುದು ಸರಿ. ನಿಮ್ಮ ಕೆಲಸಕ್ಕೆ ನೇರವಾಗಿ ಬೇಕಾದ ಅಂಶ ಇದು. ಆ ಎಳೆತ ಹೊರಬರುವವರೆಗೆ ಬಟ್ಟೆಗೆ ನೆಮ್ಮದಿ ಇಲ್ಲ.

ಜೇಡನ ಎಳೆಯ ಎರಡು ಮುಖ್ಯ ಪ್ರೋಟೀನುಗಳಲ್ಲಿ ಒಂದರಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಪ್ರೋಲಿನ್ ಹೆಚ್ಚಿದ್ದಷ್ಟೂ ಕುಗ್ಗುವಿಕೆ ಹೆಚ್ಚು. ನೂಲುವಾಗ ಎಳೆತ ಹೆಚ್ಚಿದಷ್ಟೂ ಹೆಚ್ಚು. ಅಂದರೆ ಸಮಸ್ಯೆಯ ಒಂದು ಪಾಲು ಪ್ರೋಟೀನನ್ನು ವಿನ್ಯಾಸ ಮಾಡಿದವರ ಮೇಜಿನ ಮೇಲಿದೆ, ಇನ್ನೊಂದು ಪಾಲು ನೂಲುವ ಯಂತ್ರದಲ್ಲಿದೆ. ನಿಮ್ಮ ಕೈಗೆ ಬರುವುದು ಮೂರನೆಯ ಪಾಲು ಮಾತ್ರ. ರೇಷ್ಮೆಹುಳುವಿನ ನೂಲು ಹೀಗೆ ವರ್ತಿಸುವುದಿಲ್ಲ. ಅದರಲ್ಲಿ ಹರಳಿನ ಭಾಗ ಹೆಚ್ಚು, ನೀರಿಗೆ ಬಗ್ಗುವ ಸಡಿಲ ಭಾಗ ಕಡಿಮೆ. ಹಾಗಾಗಿ ರಾಮನಗರದ ಗೂಡಿನಿಂದ ತೆಗೆದ ನೂಲಿನೊಂದಿಗೆ ದಶಕಗಳ ಕಾಲ ಕೆಲಸ ಮಾಡಿದವರಿಗೂ ಈ ಹೊಸ ನೂಲು ಮೊದಲ ಸಲ ಗೊಂದಲ ಹುಟ್ಟಿಸುತ್ತದೆ.

ಈ ಸಮಸ್ಯೆ ಎಷ್ಟು ದೊಡ್ಡದು ಎನ್ನುವುದಕ್ಕೆ ಜಪಾನಿನ ಸ್ಪೈಬರ್ ಕಂಪನಿಯ ಅನುಭವವೇ ಸಾಕ್ಷಿ. ಯಮಗಾಟ ಪ್ರಾಂತ್ಯದ ತ್ಸುರುಓಕಾದಲ್ಲಿರುವ ಈ ಕಂಪನಿ ಶುರುವಾದದ್ದು 2007ರಲ್ಲಿ. ಸೂಕ್ಷ್ಮಜೀವಿಗಳಿಗೆ ಸಕ್ಕರೆ ಉಣಿಸಿ, ಹುದುಗಿಸಿ ಪ್ರೋಟೀನು ಪಡೆದು, ಅದನ್ನು ಕರಗಿಸಿ ನೂಲು ಮಾಡುತ್ತಾರೆ. ಜಪಾನಿನಲ್ಲಿ ದಿ ನಾರ್ತ್ ಫೇಸ್ ಬ್ರ್ಯಾಂಡ್ ನಡೆಸುವ ಗೋಲ್ಡ್‌ವಿನ್ ಜೊತೆ ಸೇರಿ 2015ರಲ್ಲಿ ಮೂನ್ ಪಾರ್ಕಾ ಎಂಬ ಚಳಿಗಾಲದ ಜಾಕೆಟ್ಟಿನ ಮಾದರಿಯನ್ನು ತೋರಿಸಿದರು. ಮಾರುಕಟ್ಟೆಗೆ ಅದು ಬಂದದ್ದು 2019ರ ಕೊನೆಯಲ್ಲಿ, ಅದೂ 50 ಮಾತ್ರ, ಬೆಲೆ ತಲಾ 1,50,000 ಯೆನ್. ನಡುವಿನ ವರ್ಷಗಳನ್ನು ತಿಂದ ಮುಖ್ಯ ತೊಡಕುಗಳಲ್ಲಿ ನೀರು ತಾಗಿದರೆ ಕುಗ್ಗುವ ಗುಣವೂ ಒಂದು. ಮಳೆ-ಹಿಮದಲ್ಲಿ ತೊಡಬೇಕಾದ ಜಾಕೆಟ್ಟಿಗೆ ಆ ಗುಣ ಇರುವಂತಿಲ್ಲ. ಕೊನೆಗೆ ಅವರು ಪ್ರೋಟೀನಿನ ಅಮೈನೋ ಆಮ್ಲಗಳ ಜೋಡಣೆಯನ್ನೇ ಬದಲಿಸಿದರು. ಅದೇ ವರ್ಷ ಅವರು ತಂದ ಟೀ ಶರ್ಟಿನಲ್ಲಿ ಪ್ರೋಟೀನು ನೂಲು ಶೇ 17.5 ಮಾತ್ರ, ಉಳಿದದ್ದು ಹತ್ತಿ. ಮಿಶ್ರಣ ಮಾಡುವುದೂ ಕುಗ್ಗುವಿಕೆಯನ್ನು ಹದ್ದುಬಸ್ತಿನಲ್ಲಿಡುವ ಒಂದು ದಾರಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಬಟ್ಟೆಯಲ್ಲಿ ಮಾತ್ರ ಹೊಕ್ಕು ಪೂರ್ತಿ ಪ್ರೋಟೀನು. ಹತ್ತಿಯ ಆಸರೆ ಅಡ್ಡ ದಿಕ್ಕಿನಲ್ಲಿ ಇಲ್ಲವೇ ಇಲ್ಲ. ಅಗಲ ಶೇ 13 ಇಳಿದು, ಉದ್ದ ಶೇ 3ಕ್ಕೆ ನಿಂತದ್ದು ಅದಕ್ಕೇ.

ಆದರೂ ಶೇ 13ರಷ್ಟೂ ನೂಲಿನದ್ದೇ ತಪ್ಪು ಎಂದು ಈಗಲೇ ತೀರ್ಮಾನಿಸಬೇಡಿ. ಬಟ್ಟೆ ಕುಗ್ಗಲು ಇನ್ನೊಂದು ಕಾರಣ ನೇಯ್ಗೆ. ನೀರು ಕುಡಿದ ನೂಲು ದಪ್ಪವಾಗುತ್ತದೆ. ಉಬ್ಬಿದ ಹಾಸಿನ ಎಳೆಗಳನ್ನು ಬಳಸಿ ಹೋಗಲು ಹೊಕ್ಕಿನ ಎಳೆ ಇನ್ನಷ್ಟು ಅಂಕುಡೊಂಕಾಗಬೇಕು, ಆಗ ನೂಲಿನ ಉದ್ದ ಬದಲಾಗದಿದ್ದರೂ ಬಟ್ಟೆಯ ಅಗಲ ಇಳಿಯುತ್ತದೆ. ಎರಡಕ್ಕೂ ಮದ್ದು ಬೇರೆ. ಆದ್ದರಿಂದ ಮೊದಲು ಪತ್ತೆ, ಆಮೇಲೆ ಚಿಕಿತ್ಸೆ.

ಪತ್ತೆ ಹೀಗೆ ಮಾಡಿ. ಒಗೆಯದ ಬಟ್ಟೆಯ ಅಂಚಿನಿಂದ ಹೊಕ್ಕಿನ ಹತ್ತು ಎಳೆ ಬಿಡಿಸಿ ತೆಗೆಯಿರಿ. ಪ್ರತಿಯೊಂದನ್ನೂ ಅಂಕುಡೊಂಕು ಮಾತ್ರ ನೆಟ್ಟಗಾಗುವಷ್ಟು ಹಗುರ ತೂಕ ಕಟ್ಟಿ ಅಳೆಯಿರಿ. ತೂಕ ಬಿಚ್ಚಿ, 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆ ಸಡಿಲವಾಗಿ ಬಿಡಿ. ಹಸಿಯಾಗಿದ್ದಾಗ ಅದೇ ತೂಕ ಕಟ್ಟಿ ಒಮ್ಮೆ ಅಳೆಯಿರಿ. ಹಾಳೆಯ ಮೇಲೆ ಹರಡಿ ಒಣಗಿಸಿ ಮತ್ತೊಮ್ಮೆ. ಪುನಃ ನೆನೆಸಿ ಇನ್ನೊಮ್ಮೆ. ಹೀಗೆ ನಾಲ್ಕು ಅಳತೆ ಸಿಗುತ್ತವೆ. ಮೊದಲ ಒಣ ಅಳತೆಗೂ ಎರಡನೆಯ ಒಣ ಅಳತೆಗೂ ಇರುವ ಅಂತರ ಒಂದೇ ಸಲ ಆಗಿ ಮುಗಿಯುವ ಕುಗ್ಗುವಿಕೆ. ಇದನ್ನು ಮುಂಚಿತ ಸಂಸ್ಕರಣೆಯಿಂದ ತೆಗೆದುಹಾಕಬಹುದು. ಆಮೇಲಿನ ಒಣ-ಹಸಿ ಅಳತೆಗಳ ನಡುವಿನ ಅಂತರ ಮಾತ್ರ ಬಟ್ಟೆಯ ಆಯುಷ್ಯವಿಡೀ ಉಳಿಯುವಂಥದ್ದು. ಜೇಡನ ಎಳೆಯಲ್ಲೂ ಹೀಗೇ: ಒಮ್ಮೆ ಪೂರ್ತಿ ಕುಗ್ಗಿದ ಮೇಲೆ ಅದು ಒಣಗಿದಾಗ ಸ್ವಲ್ಪ ಸೆಳೆದುಕೊಳ್ಳುತ್ತದೆ, ತೇವವಾದಾಗ ಸ್ವಲ್ಪ ಸಡಿಲುತ್ತದೆ. ದಿಕ್ಕು ಮೊದಲಿನದಕ್ಕೆ ಉಲ್ಟಾ. ಈ ಎರಡು ಚಲನೆಗಳನ್ನು ಒಂದೇ ಎಂದುಕೊಂಡವರು ಮಾಡಿದ ಸಂಸ್ಕರಣೆಯನ್ನೇ ಮತ್ತೆ ಮತ್ತೆ ಮಾಡುತ್ತಾ, ಫಲ ಸಿಗದೆ ಕೂರುತ್ತಾರೆ.

ಇನ್ನು ಎಳೆಯ ಕುಗ್ಗುವಿಕೆಯನ್ನು ಬಟ್ಟೆಯದ್ದಕ್ಕೆ ಹೋಲಿಸಿ. ಎಳೆ ಶೇ 3-4 ಮಾತ್ರ ಕುಗ್ಗಿದ್ದರೆ ಉಳಿದದ್ದು ನೇಯ್ಗೆಯ ಕೆಲಸ. ಎಳೆಯೂ ಶೇ 13ರ ಹತ್ತಿರ ಕುಗ್ಗಿದರೆ ನೂಲೇ ಮುಖ್ಯ ಕಾರಣ. ಬಿಡಿ ಎಳೆ ಶೇ 20 ಕುಗ್ಗಿ, ಬಟ್ಟೆ ಶೇ 13ಕ್ಕೆ ನಿಂತಿದ್ದರೆ ಎಚ್ಚರ. ಹಾಸಿನ ಎಳೆಗಳು ಹೊಕ್ಕನ್ನು ಇಕ್ಕಳದಂತೆ ಹಿಡಿದಿಟ್ಟಿವೆ, ಎಳೆತ ಇನ್ನೂ ಒಳಗೇ ಉಳಿದಿದೆ, ಪ್ರತಿ ಒಗೆತದಲ್ಲೂ ಅಲುಗಾಟ ಸಿಕ್ಕಷ್ಟು ಅದು ಹೊರಗೆ ಬರುತ್ತಲೇ ಇರುತ್ತದೆ. ಗ್ರಾಹಕರು ಎರಡು ತಿಂಗಳ ಮೇಲೆ ಅಂಗಿ ಬಿಗಿಯಾಯಿತೆಂದು ವಾಪಸು ತರುವುದು ಇಂಥ ಬಟ್ಟೆಯನ್ನೇ. ಒಂದೇ ಒಗೆತದ ಫಲಿತಾಂಶವನ್ನು ನಂಬಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ಸಂಸ್ಕರಣೆ. ಬಟ್ಟೆಯ ಮೇಲೆ ಅಳಿಯದ ಶಾಯಿಯಿಂದ ಉದ್ದಕ್ಕೆ ಮೂರು, ಅಗಲಕ್ಕೆ ಮೂರು ಜೋಡಿ ಗುರುತು ಹಾಕಿ. ಜೋಡಿಯ ನಡುವೆ ಕನಿಷ್ಠ 350 ಮಿ.ಮೀ. ಇರಲಿ, ಅಂಚಿನಿಂದ 50 ಮಿ.ಮೀ. ಒಳಗಿರಲಿ. ಐಎಸ್‌ಒ 3759 ಮಾನದಂಡ ಹೇಳುವುದೂ ಇದನ್ನೇ. ಅಳತೆಗೆ ನಿಗದಿಯಾದ ಹವೆ 20 ಡಿಗ್ರಿ, ಶೇ 65 ತೇವಾಂಶ. ಅಂಥ ಕೋಣೆ ಇಲ್ಲದಿದ್ದರೆ ಮೊದಲೂ ಆಮೇಲೂ ಒಂದೇ ಜಾಗದಲ್ಲಿ, ಬಟ್ಟೆ ಒಂದು ರಾತ್ರಿ ಹರಡಿಕೊಂಡಿದ್ದ ಮೇಲೆಯೇ ಅಳೆಯಿರಿ. ಏಪ್ರಿಲ್ಲಿನ ಒಣ ಮಧ್ಯಾಹ್ನ ಅಳೆದದ್ದನ್ನು ಆಷಾಢದ ಮಳೆಯ ದಿನದ ಅಳತೆಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಇದು ಸಣ್ಣ ಮಾತಲ್ಲ. ಮೇಲೆ ಹೇಳಿದ ಹವೆಯಲ್ಲಿ ಉಣ್ಣೆ ತನ್ನ ಒಣತೂಕದ ಶೇ 16ರಷ್ಟು, ರೇಷ್ಮೆ ಶೇ 11ರಷ್ಟು ತೇವ ಹೀರಿರುತ್ತವೆ. ಪಾಲಿಯೆಸ್ಟರ್ ಹೀರುವುದು ಶೇ 0.4. ಪ್ರೋಟೀನು ಎಂದರೆ ಗಾಳಿಯೊಂದಿಗೆ ಸದಾ ಕೊಡುಕೊಳ್ಳುವಿಕೆಯಲ್ಲಿರುವ ವಸ್ತು.

ನೀರಿನ ಬಿಸಿಯೇ ಇಲ್ಲಿ ಮುಖ್ಯ. ಒಂದು ಬಿಸಿಯಲ್ಲಿ ಸಡಿಲಗೊಳಿಸಿದ ನೂಲು ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಸುಮ್ಮನಿರುತ್ತದೆ, ಹೆಚ್ಚು ಬಿಸಿ ತಾಗಿದರೆ ಮತ್ತೆ ಅಲುಗುತ್ತದೆ. ಉಡುಪಿನ ಲೇಬಲ್ಲಿನಲ್ಲಿ 30 ಡಿಗ್ರಿ ಎಂದು ಬರೆಯುವುದಾದರೆ ನೀವು 50-60 ಡಿಗ್ರಿಯಲ್ಲಿ ಕುಗ್ಗಿಸಿ. ಮೊದಲು ಸಣ್ಣ ತುಂಡುಗಳನ್ನು 40, 60, 80 ಡಿಗ್ರಿಗಳಲ್ಲಿ ಬೇರೆ ಬೇರೆ ನೆನೆಸಿ ನೋಡಿ. 60ಕ್ಕೂ 80ಕ್ಕೂ ಅಳತೆಯಲ್ಲಿ ವ್ಯತ್ಯಾಸ ಕಾಣದಿದ್ದರೆ 60 ಸಾಕು. ಮುಟ್ಟಿದಾಗ ಬಿರುಸಾಗಿದ್ದರೆ, ಹೊಳಪು ಇಳಿದಿದ್ದರೆ ಆ ಬಿಸಿ ಹೆಚ್ಚಾಯಿತು ಎಂದರ್ಥ. ನೀರಿಗೆ ತಟಸ್ಥವಾದ, ಉಣ್ಣೆ-ರೇಷ್ಮೆಗೆಂದೇ ಮಾರುವ ದ್ರವ ಮಾರ್ಜಕ ಕೆಲವು ಹನಿ ಹಾಕಿ. ಸಾಮಾನ್ಯ ಪೌಡರ್ ಬೇಡವೇ ಬೇಡ: ಅದರ ಕ್ಷಾರ ಪ್ರೋಟೀನಿನ ಸರಪಳಿಯನ್ನು ಕಡಿಯುತ್ತದೆ, ಮತ್ತು ರಕ್ತ-ಹಾಲಿನ ಕಲೆ ತೆಗೆಯಲೆಂದು ಹಾಕುವ ಪ್ರೋಟಿಯೇಸ್ ಕಿಣ್ವಕ್ಕೆ ನಿಮ್ಮ ನೂಲೂ ಆ ಕಲೆಯೂ ಒಂದೇ.

ಬಿಡಿ ಎಳೆ ಕುಗ್ಗಲು ಕೆಲವು ನಿಮಿಷ ಸಾಕು. ಬಟ್ಟೆಗೆ ಸಾಲದು, ಎಳೆಗಳ ನಡುವಿನ ಉಜ್ಜಾಟ ತಡೆಯುತ್ತದೆ. ಅದಕ್ಕೇ ಅರ್ಧ ಗಂಟೆ ನೆನೆಸಿ, ನಡುನಡುವೆ ಕೈಯಿಂದ ಮೆಲ್ಲಗೆ ಅಲುಗಾಡಿಸಿ. ಹಿಂಡಬೇಡಿ, ತಂತಿಗೆ ನೇತುಹಾಕಬೇಡಿ, ನೀರಿನ ಭಾರವೇ ಹಾಸನ್ನು ಎಳೆದುಬಿಡುತ್ತದೆ. ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಬಲೆಯ ಮೇಲೆ ನೆರಳಲ್ಲಿ ಹರಡಿ. ಒಣಗುವಿಕೆಯೂ ಕುಗ್ಗಿಸುವ ಕೆಲಸದ ಭಾಗವೇ, ಪೂರ್ತಿ ಒಣಗುವವರೆಗೆ ಅಳತೆ ಸ್ಥಿರವಾಗದು. ಈ ಇಡೀ ಸುತ್ತನ್ನು ಸತತ ಎರಡು ಸುತ್ತುಗಳ ಒಣ ಅಳತೆಯಲ್ಲಿ ಶೇ 1ಕ್ಕಿಂತ ಕಡಿಮೆ ವ್ಯತ್ಯಾಸ ಬರುವವರೆಗೆ ಮಾಡಿ. ಸಾಮಾನ್ಯವಾಗಿ ಮೂರು ಸುತ್ತಿನೊಳಗೆ ಅಲ್ಲಿಗೆ ತಲುಪಬೇಕು. ಮಿಶ್ರಣದಲ್ಲಿ ಉಣ್ಣೆ ಇದ್ದರೆ ಮಾತ್ರ ಅಲುಗಾಟ ಬೇಡ. ಉಣ್ಣೆಯ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಬಟ್ಟೆ ಕಂಬಳಿಯಂತೆ ಗಟ್ಟಿಯಾಗುತ್ತದೆ. ಪ್ರಯೋಗಾಲಯದ ಪ್ರೋಟೀನಿಗೆ ಹುರುಪೆ ಇಲ್ಲ, ಆ ಭಯವಿಲ್ಲ.

ಹೆಚ್ಚು ಮೀಟರ್ ಇದ್ದರೆ ಸಂಸ್ಕರಣಾ ಘಟಕಕ್ಕೆ ಕೊಡಬೇಕಾಗುತ್ತದೆ. ಅಲ್ಲಿ ಒಂದು ಮಾತು ಬಾಯಿಬಿಟ್ಟು ಹೇಳಿ: ಸ್ಟೆಂಟರಿನಲ್ಲಿ (ಬಟ್ಟೆಯ ಎರಡೂ ಅಂಚು ಹಿಡಿದು ಒಣಗಿಸುವ ಯಂತ್ರ) ಅಗಲ ಎಳೆಯಬೇಡಿ. ಘಟಕದವರ ಅಭ್ಯಾಸ ಬಟ್ಟೆಯನ್ನು ಕೇಳಿದ ಅಗಲಕ್ಕೆ ಎಳೆದು, ಬಿಸಿಗಾಳಿಯಲ್ಲಿ ಒಣಗಿಸಿ ಕೊಡುವುದು. ನೋಡಲು ಚೆಂದ, ಅಳತೆಯೂ ಸರಿ. ಆದರೆ ಅದು ನೀವು ಇಸ್ತ್ರಿಯಿಂದ 94 ಸೆಂ.ಮೀ.ಗೆ ಎಳೆದ ಹಾಗೆಯೇ. ಹೈಡ್ರೋಜನ್ ಬಂಧಗಳ ಮೇಲೆ ನಿಂತ ತಾತ್ಕಾಲಿಕ ಅಗಲ ಅದು, ತಣ್ಣೀರು ತಾಗಿದರೂ ಬಿಟ್ಟುಹೋಗುತ್ತದೆ. ಉಣ್ಣೆಯಲ್ಲಿ ಗಂಧಕದ ಗಟ್ಟಿ ಬಂಧಗಳಿವೆ, ಕುದಿಯುವ ನೀರು ಅಥವಾ ಹಬೆಯಲ್ಲಿ ಅವು ಹೊಸದಾಗಿ ಜೋಡಿಕೊಂಡು ಶಾಶ್ವತ ಆಕಾರ ಕೊಡುತ್ತವೆ. ಜೇಡನ ಮಾದರಿಯ ಪ್ರೋಟೀನುಗಳ ಮುಖ್ಯ ಭಾಗದಲ್ಲಿ ಅಂಥ ಬಂಧಗಳಿಲ್ಲ. ಆದ್ದರಿಂದ ಉಣ್ಣೆಯ ಘಟಕದವರು ಇಲ್ಲಿ ಕೊಡುವ ಭರವಸೆ ಒಳ್ಳೆಯ ಮನಸ್ಸಿನದ್ದೇ ಆದರೂ ನಿಲ್ಲುವುದಿಲ್ಲ. ಎಳೆತವಿಲ್ಲದೆ ಒಣಗಿಸುವ ರಿಲ್ಯಾಕ್ಸ್ ಡ್ರೈಯರ್ ಇದೆಯೇ ಎಂದು ಕೇಳಿ. ಸ್ಟೆಂಟರೇ ಗತಿ ಎಂದಾದರೆ ಕುಗ್ಗಿದ ಅಗಲಕ್ಕೇ ಕ್ಲಿಪ್ ಹೊಂದಿಸಿ, ಉದ್ದದ ಕಡೆ ಓವರ್‌ಫೀಡ್ ಕೊಟ್ಟು (ಬಟ್ಟೆಯನ್ನು ಎಳೆಯದೆ ಸಡಿಲವಾಗಿ ಒಳಬಿಟ್ಟು), ಬರೀ ನೇಯ್ಗೆ ನೆಟ್ಟಗಾಗುವಷ್ಟು ಓಡಿಸಲಿ.

ರಾಸಾಯನಿಕದ ಬಗ್ಗೆ ಕೇಳಿದ್ದೀರಿ. ಇದಕ್ಕೆ ಹಳೆಯ ಚರಿತ್ರೆಯಿದೆ. 1930ರ ದಶಕದಲ್ಲಿ ಇಟಲಿಯ ಅಂಟೋನಿಯೋ ಫೆರೆಟ್ಟಿ ಹಾಲಿನ ಕೇಸಿನ್‌ನಿಂದ ಲಾನಿಟಾಲ್ ಎಂಬ ನೂಲು ಮಾಡಿದರು. ಬ್ರಿಟನ್ನಿನ ಐಸಿಐ ಕಂಪನಿ ಕಡಲೆಕಾಯಿಯ ಪ್ರೋಟೀನಿನಿಂದ ಆರ್ಡಿಲ್ ಮಾಡಿತು, ಅಮೆರಿಕದಲ್ಲಿ ಜೋಳದ ಪ್ರೋಟೀನಿನಿಂದ ವಿಕಾರಾ ಬಂತು. ಒದ್ದೆಯಾದರೆ ಬಲ ಕಳೆದುಕೊಳ್ಳುವುದು ಈ ಬಗೆಯ ನೂಲುಗಳ ಸಮಾನ ಕಾಯಿಲೆ, ಸರಪಳಿಗಳನ್ನು ಒಂದಕ್ಕೊಂದು ಹೊಲಿಯಲು ಫಾರ್ಮಾಲ್ಡಿಹೈಡ್ ಅವುಗಳ ಸಮಾನ ಔಷಧ. 1950ರ ದಶಕ ಮುಗಿಯುವ ಹೊತ್ತಿಗೆ ಆರ್ಡಿಲ್, ವಿಕಾರಾ ಎರಡೂ ಮಾರುಕಟ್ಟೆಯಿಂದ ಹೋದವು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಈಗ ವರ್ಗೀಕರಣವಾಗಿದೆ. ಬಟ್ಟೆಯಲ್ಲಿ ಅದಕ್ಕೆ ಯುರೋಪಿನ ಮಿತಿ ಕಿಲೋಗೆ 75 ಮಿಲಿಗ್ರಾಂ. ನಿಮ್ಮ ಘಟಕದೊಳಗೆ ಅದನ್ನು ತರಲೇಬೇಡಿ. ಸರಪಳಿ ಜೋಡಿಸುವ ಬೇರೆ ವಸ್ತುಗಳಲ್ಲಿ ಗ್ಲುಟರಾಲ್ಡಿಹೈಡ್ ಬಟ್ಟೆಯನ್ನು ಹಳದಿ ಮಾಡುತ್ತದೆ, ಗಾರ್ಡೇನಿಯಾ ಹಣ್ಣಿನಿಂದ ತೆಗೆಯುವ ಜೆನಿಪಿನ್ ನೀಲಿ ಬಣ್ಣ ಕೊಡುತ್ತದೆ. ಸಿಟ್ರಿಕ್ ಆಮ್ಲದಂಥ ಸೌಮ್ಯ ವಸ್ತುಗಳಿಗೆ 150 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು, ಆ ಬಿಸಿಯಲ್ಲಿ ಪ್ರೋಟೀನೂ ಹಳದಿಗಟ್ಟುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದು. ಆಲ್ಡಿಹೈಡುಗಳು ಸರಪಳಿಗಳನ್ನು ಜೋಡಿಸಲು ಬಳಸಿಕೊಳ್ಳುವುದು ಪ್ರೋಟೀನಿನ ಅಮೈನೋ ಗುಂಪುಗಳನ್ನು. ಉಣ್ಣೆ-ರೇಷ್ಮೆಗೆ ಹಾಕುವ ಆಸಿಡ್ ಬಣ್ಣಗಳು ಅಂಟಿಕೊಳ್ಳುವುದೂ ಅವಕ್ಕೇ. ಜೋಡಣೆ ಮಾಡಿ ಆಮೇಲೆ ಬಣ್ಣ ಹಾಕಿದರೆ ಬಣ್ಣ ಪೇಲವವಾಗಿ ಕೂರುತ್ತದೆ. ಹಾಗೆಂದು ಎಳೆತ ಬಿಡಿಸುವ ಮೊದಲೇ ಜೋಡಣೆ ಮಾಡಿದರೆ ಆ ಎಳೆತವನ್ನು ಒಳಗೇ ಬೀಗ ಹಾಕಿಟ್ಟಂತೆ, ಎಳೆಯೂ ಪೆಡಸಾಗುತ್ತದೆ. ನೀವು ಮಾಡುತ್ತಿರುವ ಪ್ರಮಾಣದಲ್ಲಿ ಯಾವ ರಾಸಾಯನಿಕವೂ ಬೇಡ ಎಂಬುದು ನನ್ನ ಖಚಿತ ಸಲಹೆ. ಬಣ್ಣ ಹಾಕುವುದಿದ್ದರೆ ಅದನ್ನು ಕುಗ್ಗಿಸಿದ ಮೇಲೆ ಹಾಕಿ. ಬಿಸಿ ಬಣ್ಣದ ತೊಟ್ಟಿಯೂ ಒಂದು ಸುತ್ತಿನ ಕೆಲಸ ಮಾಡಿಕೊಡುತ್ತದೆ, ಬಣ್ಣದ ನಂತರ ಮತ್ತೊಮ್ಮೆ ಅಳೆಯಲು ಮಾತ್ರ ಮರೆಯಬೇಡಿ.

ಇನ್ನು ಖರ್ಚಿನ ಲೆಕ್ಕ. ಅಗಲದಲ್ಲಿ ಶೇ 13 ಹೋಗುವುದಾದರೆ ಮುಗಿದ ಒಂದು ಮೀಟರಿಗೆ 115 ಸೆಂ.ಮೀ. ಬೇಕು, 113 ಅಲ್ಲ. ಉದ್ದಕ್ಕೆ 103. ಚದರ ಮೀಟರಿಗೆ 120 ಗ್ರಾಂ ಇದ್ದ ಬಟ್ಟೆ ಕುಗ್ಗಿದ ಮೇಲೆ 142 ಗ್ರಾಂ ಆಗುತ್ತದೆ. ಅಂದರೆ ಬಟ್ಟೆ ಇಳಿಬೀಳುವ ರೀತಿ, ಮೈಮೇಲೆ ಕೂರುವ ರೀತಿ ಎರಡೂ ಬದಲಾಗುತ್ತವೆ. ವಿನ್ಯಾಸವನ್ನು ಕುಗ್ಗಿದ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಯೋಚಿಸಬೇಕು, ಅಂಗಡಿಯಿಂದ ಬಂದ ಥಾನನ್ನು ನೋಡಿ ಅಲ್ಲ. ಮುಂದಿನ ಸಲ ನೀವೇ ನೇಯಿಸುವುದಾದರೆ ಇದನ್ನು ಮಗ್ಗದಲ್ಲೇ ಸರಿಪಡಿಸಬಹುದು: ಹಾಸಿನ ಎಳೆಗಳನ್ನು ವಿರಳವಾಗಿಟ್ಟು, ಅಗಲ ಹೆಚ್ಚಿಟ್ಟು ನೇಯಿಸಿ. ಕುಗ್ಗಿದಾಗ ಸಾಂದ್ರತೆ ತಾನಾಗಿ ಸರಿಯಾದ ಮಟ್ಟಕ್ಕೆ ಬರುತ್ತದೆ. ನಮ್ಮ ಕ್ರೇಪ್ ರೇಷ್ಮೆ ನೇಯುವವರಿಗೆ ಈ ಲೆಕ್ಕ ಹೊಸದಲ್ಲ. ಬಿಗಿಯಾಗಿ ಹುರಿ ಹಾಕಿದ ನೂಲು, ಸಾಬೂನಿನ ಬಿಸಿನೀರಿನಲ್ಲಿ ಅಂಟು ಬಿಟ್ಟೊಡನೆ ಸೆಳೆದುಕೊಂಡು ಕ್ರೇಪಿನ ಆ ಸೂಕ್ಷ್ಮ ಸುಕ್ಕು ಮೂಡುತ್ತದೆ. ಮಗ್ಗದ ಅಗಲವನ್ನು ಆ ನಷ್ಟ ಲೆಕ್ಕಹಾಕಿಯೇ ಇಡುತ್ತಾರೆ. ಅಂಥ ಅನುಭವ ಇರುವ ನೇಕಾರರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಹೊಕ್ಕಿನಲ್ಲಿ ಪ್ರೋಟೀನು ಎಳೆಯನ್ನೂ ಹತ್ತಿ ಎಳೆಯನ್ನೂ ಪಟ್ಟಿಪಟ್ಟಿಯಾಗಿ ಹಾಕಿ ನೇಯಿಸಿದರೆ ಒಂದು ಪಟ್ಟಿ ಕುಗ್ಗಿ, ಪಕ್ಕದ್ದು ಉಬ್ಬಿ ಚೆಂದದ ಏರಿಳಿತ ಬರುತ್ತದೆ. ಕುಗ್ಗುವ ಗುಣವನ್ನೇ ವಿನ್ಯಾಸವಾಗಿಸುವ ಈ ದಾರಿಯಲ್ಲಿ ನನಗೆ ಬಹಳ ಆಸೆ ಇದೆ.

ಹೊಲಿಗೆಯಲ್ಲಿ ಎರಡು ಎಚ್ಚರಿಕೆ. ಕಾಲರ್, ಪಟ್ಟಿಗಳಿಗೆ ಒಳಪದರ ಅಂಟಿಸುವ ಕೆಲಸ (ಫ್ಯೂಸಿಂಗ್), ಬಟ್ಟೆ ಪೂರ್ತಿ ಕುಗ್ಗಿದ ಮೇಲೆಯೇ ಆಗಲಿ. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಗುಳ್ಳೆ ಏಳುತ್ತದೆ. ಅಸ್ತರು, ಜಿಪ್ಪಿನ ಪಟ್ಟಿ, ದಾರ ಇವನ್ನೂ ಮೊದಲೇ ನೆನೆಸಿ ಒಣಗಿಸಿಕೊಳ್ಳಿ. ಎರಡನೆಯದು ಹಬೆಯ ಇಸ್ತ್ರಿ. ಕುಗ್ಗಿಸದ ಬಟ್ಟೆಗೆ ಹಬೆ ತಾಗಿದರೆ ತಾಗಿದ ಜಾಗ ಮಾತ್ರ ಸೆಳೆದುಕೊಂಡು ಬಟ್ಟೆ ಅಲೆಅಲೆಯಾಗುತ್ತದೆ. ಹಾಗಾಗಿ ಕತ್ತರಿಸುವ ಮೇಜಿನ ಹತ್ತಿರ ಹಬೆ ಇಸ್ತ್ರಿ ಇಡಬೇಡಿ.

ಮುಂದಿನ ಥಾನು ಕೊಳ್ಳುವಾಗ ಮಾರುವವರನ್ನು ಮೂರು ಅಂಕಿ ಕೇಳಿ: ಬಿಡಿ ನೂಲು ನೀರಲ್ಲಿ ಎಷ್ಟು ಕುಗ್ಗುತ್ತದೆ, ಬಟ್ಟೆ ಒಂದು ಒಗೆತಕ್ಕೆ ಎಷ್ಟು, ಐದು ಒಗೆತಕ್ಕೆ ಎಷ್ಟು. ಐಎಸ್‌ಒ 6330ರ ಪ್ರಕಾರ ಒಗೆದು ಐಎಸ್‌ಒ 5077ರ ಪ್ರಕಾರ ಅಳೆದ ವರದಿ ಇದ್ದರೆ ಅದನ್ನೇ ತರಿಸಿಕೊಳ್ಳಿ. ಒಂದನೆಯ ಮತ್ತು ಐದನೆಯ ಒಗೆತದ ನಡುವೆ ಶೇ 2ಕ್ಕಿಂತ ಹೆಚ್ಚು ಅಂತರ ಇದ್ದರೆ ಆ ಬಟ್ಟೆಯಲ್ಲಿ ಎಳೆತ ಇನ್ನೂ ಉಳಿದಿದೆ.

ಕೊನೆಯದಾಗಿ, ನಿಮ್ಮ ಕೈಲಿರುವ ಆ ತುಂಡು. ಒದ್ದೆಯಾಗಿದ್ದಾಗ ಎಳೆದರೆ ಅದು 94 ಏಕೆ, ಇನ್ನೂ ಹೆಚ್ಚು ಬರಬಹುದು. ಎಳೆದಷ್ಟನ್ನೂ ಮುಂದಿನ ನೀರು ವಾಪಸು ಪಡೆಯುತ್ತದೆ. ಅದನ್ನು 100ಕ್ಕೆ ತರುವ ಪ್ರಯತ್ನ ಬಿಡಿ. ಇನ್ನೆರಡು ಸುತ್ತು ನೆನೆಸಿ, ಹರಡಿ ಒಣಗಿಸಿ. ಅಳತೆ ನಿಂತಿತೆಂದರೆ ನಿಮ್ಮಲ್ಲಿರುವ ಬಟ್ಟೆಯಲ್ಲೆಲ್ಲ ನಂಬಿ ಕತ್ತರಿ ಹಾಕಬಹುದಾದ ಮೊದಲ ತುಂಡು ಅದೇ. ಮೊದಲ ಮಾದರಿ ಉಡುಪನ್ನು ಅದರಲ್ಲೇ ಹೊಲಿಯಿರಿ.